ಸೆಕ್ಷನ್ 174: ಇಷ್ಟೆಲ್ಲ ಲಾಬಿ ಇದ್ದೂ ಏಳೂವರೆ ವರ್ಷ ಯಾಕೆ ಹಿಡಿಯಿತು?

ಕಡತಪ್ರಿಯ ಕೇಳಿದ್ದು:

ಅಮೆರಿಕದ ಟೆಕ್ ಕಂಪನಿಗಳು ವ್ಯಾಪಾರ ತೆರಿಗೆಯ ವಿಷಯದಲ್ಲಿ ಹೇಗೆ ಲಾಬಿ ಮಾಡುತ್ತವೆ ಎಂದು ತಿಳಿಯಲು ಅಲ್ಲಿನ ತೆರಿಗೆ ಸಂಹಿತೆಯ ಸೆಕ್ಷನ್ 174ರ ಕಡತ ನೋಡುತ್ತಿದ್ದೇನೆ. ಸಂಶೋಧನೆ ಮತ್ತು ಅಭಿವೃದ್ಧಿಯ (ಆರ್ ಅಂಡ್ ಡಿ) ಖರ್ಚನ್ನು ಅದೇ ವರ್ಷದ ಆದಾಯದಿಂದ ಪೂರ್ತಿ ಕಳೆಯುವ ಅವಕಾಶ 1954ರಿಂದ ಇತ್ತು. 2017ರ ಡಿಸೆಂಬರಿನ ಕಾನೂನು ಅದನ್ನು ತೆಗೆಯಿತು, 2025ರ ಜುಲೈ 4ರ ಕಾನೂನು ವಾಪಸ್ ಕೊಟ್ಟಿತು. ದೊಡ್ಡ ಕಂಪನಿಗಳೆಲ್ಲ ಒಂದೇ ಕಡೆ, ಎರಡೂ ಪಕ್ಷಗಳಲ್ಲಿ ಬೆಂಬಲಿಗರು. ಹಾಗಿದ್ದೂ ಇಷ್ಟು ತಡ ಯಾಕೆ?

ಇನ್ನೊಂದು ಪ್ರಶ್ನೆ: ಲಾಬಿ ವರದಿಗಳಿಂದ ಒಂದು ಕಂಪನಿ ತೆರಿಗೆ ಲಾಬಿಗೆ ಮಾತ್ರ ಎಷ್ಟು ಖರ್ಚು ಮಾಡಿತು ಎಂದು ಬಿಡಿಸಿ ತೆಗೆಯಲು ಆಗುತ್ತದೆಯೇ?

ಶಾನುಭೋಗ ಉತ್ತರ:

ಬೆಂಬಲ ಸಾಲದೆ ತಡವಾದದ್ದಲ್ಲ. ಸರಕಾರದ ವರಮಾನದ ಅಂದಾಜು ಪಟ್ಟಿಯಲ್ಲಿ ಸಿಕ್ಕಿಕೊಂಡು ತಡವಾದದ್ದು.

2017ರ ಮಸೂದೆ ಬಂದದ್ದು ರಿಕನ್ಸಿಲಿಯೇಶನ್ ದಾರಿಯಲ್ಲಿ. ಆ ದಾರಿ ಹಿಡಿದರೆ ಸೆನೆಟ್‌ನಲ್ಲಿ 60 ಮತ ಬೇಡ, ಸರಳ ಬಹುಮತ ಸಾಕು. ಆದರೆ ಹತ್ತು ವರ್ಷದಲ್ಲಿ ಕೊರತೆ ಎಷ್ಟು ಏರಬಹುದು ಎಂಬ ಮಿತಿಯನ್ನು ಬಜೆಟ್ ನಿರ್ಣಯ ಮೊದಲೇ ಹಾಕಿರುತ್ತದೆ. ಆ ಸಲದ ಮಿತಿ 1.5 ಟ್ರಿಲಿಯನ್ ಡಾಲರ್. ಕಾರ್ಪೊರೇಟ್ ದರವನ್ನು 35%ರಿಂದ 21%ಕ್ಕೆ ಇಳಿಸಿಯೂ ಅದರೊಳಗೆ ಕೂರಬೇಕೆಂದರೆ ಬೇರೆಲ್ಲಿಂದಲೋ ವರಮಾನ ತೋರಿಸಲೇಬೇಕು. 174ನ್ನು ಬಿಗಿ ಮಾಡಿದರೆ ಹತ್ತು ವರ್ಷದಲ್ಲಿ ಸುಮಾರು 120 ಬಿಲಿಯನ್ ಡಾಲರ್ ಬರುತ್ತದೆ ಎಂದು ಕಾಂಗ್ರೆಸ್ಸಿನ ತೆರಿಗೆ ಜಂಟಿ ಸಮಿತಿ ಲೆಕ್ಕ ಕೊಟ್ಟಿತು. ಜಾರಿಯನ್ನು ಮಾತ್ರ 2022ಕ್ಕೆ ತಳ್ಳಿದರು. ದರ ಇಳಿಕೆ ಇವತ್ತೇ ಸಿಗಲಿ, ಈ ಕಹಿ ಗುಳಿಗೆಯನ್ನು ನುಂಗುವ ಹೊತ್ತಿಗೆ ಹೇಗೂ ತೆಗೆಸಿಬಿಡೋಣ ಎಂಬ ಎಣಿಕೆ ಉದ್ಯಮದ ಕಡೆ ಇತ್ತು. ನನ್ನ ಪ್ರಕಾರ ಈ ಇಡೀ ಪ್ರಸಂಗದಲ್ಲಿ ಎಡವಿದ್ದು ಇಲ್ಲೇ. ಒಮ್ಮೆ ವರಮಾನ ಎಂದು ಪಟ್ಟಿಗೆ ಹೋದ ಮೊತ್ತವನ್ನು ವಾಪಸ್ ಕೇಳಿದರೆ ಅದು ಹೊಸ ಖರ್ಚಾಗಿ ಎದುರು ನಿಲ್ಲುತ್ತದೆ.

ಪೆಟ್ಟು ಎಷ್ಟು ಬೀಳುತ್ತಿತ್ತು ನೋಡಿ. ಒಂದು ಸಾಫ್ಟ್‌ವೇರ್ ಕಂಪನಿಯ ವರಮಾನ 10 ಲಕ್ಷ ಡಾಲರ್, ಡೆವಲಪರ್‌ಗಳ ಸಂಬಳವೂ 10 ಲಕ್ಷ, ಬೇರೆ ಖರ್ಚಿಲ್ಲ ಅನ್ನಿ. ಹಳೆಯ ನಿಯಮದಲ್ಲಿ ಲಾಭ ಸೊನ್ನೆ, ತೆರಿಗೆ ಸೊನ್ನೆ. 2022ರಿಂದ ಜಾರಿಗೆ ಬಂದ ನಿಯಮದಲ್ಲಿ ದೇಶದೊಳಗಿನ ಖರ್ಚನ್ನು 5 ವರ್ಷಕ್ಕೆ ಹಂಚಬೇಕಿತ್ತು. ಮೊದಲ ವರ್ಷ ಅರ್ಧ ವರ್ಷವೆಂದೇ ಲೆಕ್ಕ, ಹಾಗಾಗಿ ಕಳೆಯಲು ಸಿಗುವುದು 10% ಮಾತ್ರ. ಉಳಿದ 9 ಲಕ್ಷದ ಮೇಲೆ 21%, ಅಂದರೆ 1,89,000 ಡಾಲರ್ ತೆರಿಗೆ. ಅದೇ ಕೆಲಸ ಹೊರದೇಶದಲ್ಲಿ ಆಗಿದ್ದರೆ 15 ವರ್ಷದ ಹಂಚಿಕೆ. ಮೊದಲ ವರ್ಷ ಕಳೆಯುವುದು 33,333, ತೆರಿಗೆ ಸುಮಾರು 2,03,000. ಬ್ಯಾಂಕಿನಲ್ಲಿ ಒಂದು ಡಾಲರ್ ಮಿಕ್ಕದವನೂ ಇದನ್ನು ಕಟ್ಟಬೇಕಿತ್ತು. ಸಾಫ್ಟ್‌ವೇರ್ ಅಭಿವೃದ್ಧಿಯೂ ಇದರಲ್ಲಿ ಸೇರುತ್ತದೆ ಎಂದು ಕಾನೂನು ಬಿಡಿಸಿ ಬರೆದಿದ್ದರಿಂದ, ನಮ್ಮದು ಸಂಶೋಧನೆಯಲ್ಲ ಎಂದು ಜಾರಿಕೊಳ್ಳುವ ದಾರಿಯೂ ಇರಲಿಲ್ಲ.

ತೆಗೆಸುವ ಪ್ರಯತ್ನಗಳು ಒಂದೊಂದೂ ಬೇರೆ ಬೇರೆ ಕಾರಣಕ್ಕೆ ಮುಗ್ಗರಿಸಿದವು. 2021ರ ನವೆಂಬರ್‌ನಲ್ಲಿ ಕೆಳಮನೆ ಪಾಸು ಮಾಡಿದ ಬಿಲ್ಡ್ ಬ್ಯಾಕ್ ಬೆಟರ್ ಮಸೂದೆಯಲ್ಲಿ ಜಾರಿಯನ್ನು 2026ಕ್ಕೆ ಮುಂದೂಡುವ ಸಾಲಿತ್ತು. ಮಸೂದೆಯೇ ಸೆನೆಟ್‌ನಲ್ಲಿ ನಿಂತುಹೋಯಿತು. 2022ರ ಕೊನೆಯ ಖರ್ಚಿನ ಮಸೂದೆಗೆ ಸೇರಿಸಲು ನೋಡಿದರು. ಮಕ್ಕಳ ತೆರಿಗೆ ರಿಯಾಯಿತಿ ಹೆಚ್ಚಿಸದೆ ಕಂಪನಿಗಳಿಗೆ ಇದನ್ನು ಕೊಡುವುದಿಲ್ಲ ಎಂದು ಡೆಮಾಕ್ರಟರು ಪಟ್ಟು ಹಿಡಿದರು. 2024ರಲ್ಲಿ ಕೆಳಮನೆಯ ತೆರಿಗೆ ಸಮಿತಿಯ ಅಧ್ಯಕ್ಷ ಸ್ಮಿತ್ (ರಿಪಬ್ಲಿಕನ್) ಮತ್ತು ಸೆನೆಟ್ ಹಣಕಾಸು ಸಮಿತಿಯ ಅಧ್ಯಕ್ಷ ವೈಡನ್ (ಡೆಮಾಕ್ರಟ್) ಎರಡನ್ನೂ ಒಂದೇ ಮಸೂದೆಯಲ್ಲಿ ಕಟ್ಟಿ, ಕೋವಿಡ್ ಕಾಲದಲ್ಲಿ ನೌಕರರನ್ನು ಕೆಲಸದಲ್ಲಿ ಉಳಿಸಿಕೊಂಡವರಿಗೆ ಕೊಡುತ್ತಿದ್ದ ತೆರಿಗೆ ರಿಯಾಯಿತಿಯ ಅರ್ಜಿಗಳನ್ನು ಬೇಗ ನಿಲ್ಲಿಸಿ ಅದರ ಖರ್ಚು ತುಂಬಿಸಿದರು. ಜನವರಿ 31ರಂದು ಕೆಳಮನೆಯಲ್ಲಿ 357–70. ಸೆನೆಟ್‌ನ ರಿಪಬ್ಲಿಕನ್ನರಿಗೆ ಮಕ್ಕಳ ರಿಯಾಯಿತಿಯ ಷರತ್ತು ಹಿಡಿಸಲಿಲ್ಲ. ಆಗಸ್ಟ್ 1ರಂದು ಚರ್ಚೆಗೆ ಎತ್ತಿಕೊಳ್ಳಲು 60 ಬೇಕಿತ್ತು, ಬಿದ್ದದ್ದು 48–44. 174ರ ಹಳೆಯ ಅವಕಾಶ ವಾಪಸ್ ಕೊಡುವುದಕ್ಕೆ ವಿರೋಧವಾಗಿ ಭಾಷಣ ಮಾಡಿದವರು ಯಾರೂ ಇಲ್ಲ ಎನ್ನಬಹುದು, ಆದರೂ ಸತ್ತಿತು. ಎಲ್ಲರಿಗೂ ಬೇಕಾದ ಅಂಶ ಯಾವುದೋ ಅದನ್ನೇ ಒತ್ತೆ ಇಟ್ಟುಕೊಂಡು ಬೇರೆ ವಿಷಯಕ್ಕೆ ಚೌಕಾಸಿ ಮಾಡುತ್ತಾರೆ.

2025ರಲ್ಲಿ ಮತ್ತೆ ರಿಕನ್ಸಿಲಿಯೇಶನ್, ಒಂದೇ ಪಕ್ಷದ ಮತ, ಕೆಲಸ ಆಯಿತು. ದೇಶದೊಳಗಿನ ಖರ್ಚಿಗೆ ಹೊಸ ಸೆಕ್ಷನ್ 174ಎ, ಗಡುವಿಲ್ಲದ ಅವಕಾಶ. ಹೊರದೇಶದ್ದು 15 ವರ್ಷವೇ ಉಳಿಯಿತು.

ಮೂಲಪ್ರತಿ ಉತ್ತರ:

ಎರಡನೇ ಪ್ರಶ್ನೆಗೆ: ಆಗುವುದಿಲ್ಲ. ಎಲ್‌ಡಿ-2 ಎಂಬ ತ್ರೈಮಾಸಿಕ ವರದಿಯಲ್ಲಿ ಮೊತ್ತ ಒಂದೇ ಒಂದು, ಎಲ್ಲ ವಿಷಯಗಳಿಗೂ ಸೇರಿ. ಅದೂ ಹತ್ತು ಸಾವಿರ ಡಾಲರಿಗೆ ದುಂಡಗೆ ಮಾಡಿದ್ದು. ಆದರೂ ಆ ಕಡತದಿಂದ ತೆಗೆಯಬಹುದಾದದ್ದು ಬೇಕಾದಷ್ಟಿದೆ.

15ನೇ ಸಾಲಿನಲ್ಲಿ ಮೂರಕ್ಷರದ ವಿಷಯ ಸಂಕೇತ ಇರುತ್ತದೆ. ನಿಮಗೆ ಬೇಕಾದ್ದು ಟಿಎಎಕ್ಸ್. 16ರಲ್ಲಿ ನಿರ್ದಿಷ್ಟ ಮಸೂದೆ ಅಥವಾ ಸೆಕ್ಷನ್, 17ರಲ್ಲಿ ಯಾರನ್ನು ಸಂಪರ್ಕಿಸಿದರು, 18ರಲ್ಲಿ ಲಾಬಿದಾರರ ಹೆಸರು. 17ನ್ನು ಹಾರಿಸಬೇಡಿ. ಅಲ್ಲಿ ಸೆನೆಟ್, ಕೆಳಮನೆ ಮಾತ್ರ ಇದ್ದರೆ ಕಾನೂನಿನ ಪಠ್ಯದ ಮೇಲೆ ಕೆಲಸ ನಡೆದಿದೆ. ಖಜಾನೆ ಇಲಾಖೆಯ ಹೆಸರು ಕಂಡರೆ ಬಹುಮಟ್ಟಿಗೆ ನಿಯಮಾವಳಿಯ ಹಂತ. 18ರ ಹೆಸರುಗಳಲ್ಲಿ ಸೆನೆಟ್‌ನ ಹಣಕಾಸು ಸಮಿತಿ ಅಥವಾ ಕೆಳಮನೆಯ ತೆರಿಗೆ ಸಮಿತಿಯಾದ ವೇಸ್ ಅಂಡ್ ಮೀನ್ಸ್‌ನಲ್ಲಿ ಹಿಂದೆ ಕೆಲಸ ಮಾಡಿದವರು ಯಾರು ಎಂದು ಗುರುತು ಹಾಕಿಕೊಳ್ಳಿ, ತೆರಿಗೆಯನ್ನು ನೋಡಿಕೊಳ್ಳುವವರು ಹೆಚ್ಚಾಗಿ ಅವರೇ.

ಸಾಮಾನ್ಯವಾಗಿ ಆಗುವ ತಪ್ಪುಗಳು:

ಕಂಪನಿಯ ಮೊತ್ತಕ್ಕೆ ಅದು ನೇಮಿಸಿಕೊಂಡ ಲಾಬಿ ಸಂಸ್ಥೆಗಳ ಮೊತ್ತ ಕೂಡಿಸುವುದು. ಕಂಪನಿ ತಾನೇ ಸಲ್ಲಿಸುವ ವರದಿಯಲ್ಲಿ ಹೊರಗಿನವರಿಗೆ ಕೊಟ್ಟದ್ದೂ ಸೇರಿರುತ್ತದೆ. ಕೂಡಿಸಿದರೆ ಎರಡೆರಡು ಸಲ ಎಣಿಸಿದಂತೆ.

ಮಸೂದೆ ಸಂಖ್ಯೆ ಮಾತ್ರ ಕೊಟ್ಟು ಹುಡುಕುವುದು. 2017ರ ಕಾನೂನೂ ಎಚ್.ಆರ್. 1, 2025ರದ್ದೂ ಎಚ್.ಆರ್. 1. ವರ್ಷದ ಸೋಸಣಿಗೆ ಹಾಕದಿದ್ದರೆ ಕಲಸುಮೇಲೋಗರ. 2024ರದ್ದು ಎಚ್.ಆರ್. 7024.

14ನೇ ಸಾಲಿನಲ್ಲಿರುವ ಲೆಕ್ಕದ ವಿಧಾನ ನೋಡದೆ ಎರಡು ಕಂಪನಿಗಳನ್ನು ಹೋಲಿಸುವುದು. ವಿಧಾನ ಎ ಎಂದರೆ ಲಾಬಿ ಕಾನೂನಿನ ವ್ಯಾಖ್ಯೆ, ಅದರಲ್ಲಿ ಒಕ್ಕೂಟ ಸರಕಾರದ ಮಟ್ಟದ ಲಾಬಿ ಮಾತ್ರ. ವಿಧಾನ ಸಿ ಎಂದರೆ ತೆರಿಗೆ ಸಂಹಿತೆಯ 162(ಇ), ಅದರಲ್ಲಿ ರಾಜ್ಯಗಳ ಶಾಸನಸಭೆಗಳ ಲಾಬಿ, ಜನರನ್ನು ಪ್ರಚೋದಿಸುವ ಜಾಹೀರಾತು ಎಲ್ಲ ಬರುತ್ತದೆ. ಒಂದೇ ಕೆಲಸಕ್ಕೆ ಎರಡು ಅಂಕಿ.

ಕೊನೆಯದಾಗಿ, ತನ್ನ ಸಮಯದ 20%ಕ್ಕಿಂತ ಕಡಿಮೆ ಲಾಬಿಗೆ ಕೊಡುವವರ ಹೆಸರು 18ರಲ್ಲಿ ಬರುವುದೇ ಇಲ್ಲ. ಸಿಇಒ ವಾಷಿಂಗ್ಟನ್ನಿಗೆ ಬಂದು ಹೋದದ್ದು ಅಲ್ಲಿ ಕಾಣದು.

ವರದಿಯ ಗಡುವು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಗಳ 20. ತಿದ್ದುಪಡಿ ವರದಿ ಬಂದಿದೆಯೇ ನೋಡಿ, ಬಂದಿದ್ದರೆ ಹಳೆಯದನ್ನು ಬಿಡಿ.

ಅಡಿಗೆರೆ ಉತ್ತರ:

ಶಾನುಭೋಗರ ಲೆಕ್ಕ ಸರಿ, ಆದರೆ "ದೊಡ್ಡ ಕಂಪನಿಗಳೆಲ್ಲ ಒಂದೇ ಕಡೆ" ಎಂಬ ಪ್ರಶ್ನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದೇ ಕಡೆ ಇದ್ದವು, ಒಂದೇ ಆತುರದಲ್ಲಿ ಇರಲಿಲ್ಲ.

ದೊಡ್ಡ ಕಂಪನಿಗೆ 174 ಬರೀ ಕಾಲದ ವ್ಯತ್ಯಾಸ. ಇವತ್ತು ಕಟ್ಟಿದ ಹೆಚ್ಚಿನ ತೆರಿಗೆ ಮುಂದೆ ಕಡಿತವಾಗಿ ಬರುತ್ತದೆ, ಲೆಕ್ಕಪುಸ್ತಕದಲ್ಲಿ ಅದು ಮುಂದೂಡಿದ ತೆರಿಗೆ ಆಸ್ತಿಯಾಗಿ ಕೂರುತ್ತದೆ, ಷೇರುದಾರರಿಗೆ ತೋರಿಸುವ ಲಾಭ ಅಲುಗುವುದಿಲ್ಲ. ನಗದು ಹೋಗುತ್ತದೆ, ಅಷ್ಟೇ. ಇನ್ನೊಂದು ಮಜಾ: ಹೊರದೇಶದ ಗ್ರಾಹಕರಿಂದ ಬರುವ ಆದಾಯಕ್ಕೆ ಎಫ್‌ಡಿಐಐ ಎಂಬ ರಿಯಾಯಿತಿ ಇತ್ತು, ಅದರಡಿ ದರ 13.125%. ಆರ್ ಅಂಡ್ ಡಿ ಖರ್ಚನ್ನು ಒಮ್ಮೆಲೇ ಕಳೆಯದಿದ್ದಾಗ ಆ ಲೆಕ್ಕದ ಆದಾಯ ಹಿಗ್ಗಿ ರಿಯಾಯಿತಿಯೂ ಹಿಗ್ಗುತ್ತದೆ. ಕೆಲವು ಕಂಪನಿಗಳ ಪರಿಣಾಮಕಾರಿ ದರ 2022ರ ನಂತರ ಇಳಿದದ್ದು ಹೀಗೆ.

ನಿಜವಾಗಿ ಉಸಿರುಗಟ್ಟಿದ್ದು ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ. ಅವು ಸ್ಮಾಲ್ ಸಾಫ್ಟ್‌ವೇರ್ ಬಿಸಿನೆಸ್ ಅಲಯನ್ಸ್ ಎಂದು ಒಟ್ಟಾಗಿ ಬಹಿರಂಗ ಪತ್ರ ಬರೆದವು. ದೊಡ್ಡವರ ಕಡೆಯಿಂದ ಆರ್ ಅಂಡ್ ಡಿ ಒಕ್ಕೂಟ, ಟೆಕ್ ಕಂಪನಿಗಳ ಸಂಘವಾದ ಟೆಕ್‌ನೆಟ್, ಉತ್ಪಾದಕರ ರಾಷ್ಟ್ರೀಯ ಸಂಘ ಮೊದಲಿನಿಂದಲೂ ಇದ್ದವು. ಸಮಿತಿಯ ಸದಸ್ಯನಿಗೆ ತನ್ನ ಕ್ಷೇತ್ರದ ಹನ್ನೆರಡು ಜನರ ಕಂಪನಿ ತೆರಿಗೆ ಕಟ್ಟಲು ಸಾಲ ಮಾಡಿತು ಎಂಬ ಮಾತು ತಟ್ಟಿದಷ್ಟು ಗೂಗಲ್‌ನ ನಗದಿನ ಕೊರತೆ ತಟ್ಟುವುದಿಲ್ಲ, ಸಹಜವೇ. 2025ರ ಕಾನೂನಿನಲ್ಲೂ ಅದರ ಗುರುತಿದೆ: ಸರಾಸರಿ ವಾರ್ಷಿಕ ವಹಿವಾಟು 3.1 ಕೋಟಿ ಡಾಲರ್ ಮೀರದವರು 2022ರಿಂದಲೇ ಹಿಂದಿನ ರಿಟರ್ನ್ ತಿದ್ದಿಕೊಳ್ಳಲು ಅದು ಅವಕಾಶ ಕೊಟ್ಟಿತು. ದೊಡ್ಡವರಿಗೆ ಸಿಕ್ಕಿದ್ದು ಉಳಿದ ಬಾಕಿಯನ್ನು ಬೇಕಿದ್ದರೆ ಒಂದು ಅಥವಾ ಎರಡು ವರ್ಷದಲ್ಲಿ ಕಳೆದುಕೊಳ್ಳುವ ಆಯ್ಕೆ ಮಾತ್ರ.

ಕಡತಪ್ರಿಯ:

ಉದ್ಯಮ ಸಂಘಗಳಿಗೆ ಕೊಡುವ ಚಂದಾ ತೆರಿಗೆಯಲ್ಲಿ ಕಳೆಯಬಹುದೇ? ಮತ್ತೆ, ಕಾನೂನು ಬಂದ ಮೇಲೆ ಲಾಬಿ ಮುಗಿಯಿತೇ?

ಅಡಿಗೆರೆ:

ಲಾಬಿ ಖರ್ಚನ್ನು ಕಳೆಯಲು 162(ಇ) ಬಿಡುವುದಿಲ್ಲ. ಸಂಘ ತನ್ನ ಚಂದಾದಲ್ಲಿ ಶೇಕಡಾ ಎಷ್ಟು ಲಾಬಿಗೆ ಹೋಗುತ್ತದೆ ಎಂದು ಸದಸ್ಯರಿಗೆ ತಿಳಿಸಬೇಕು, ಅಷ್ಟು ಭಾಗ ಕಡಿತಕ್ಕೆ ಸಿಗದು. ತಿಳಿಸದಿದ್ದರೆ ಸಂಘವೇ ಆ ಮೊತ್ತದ ಮೇಲೆ 21% ಕಟ್ಟಬೇಕು.

ಮುಗಿಯಲಿಲ್ಲ, ಜಾಗ ಬದಲಾಯಿತು. 2022ರಲ್ಲಿ ಬಂದ 15%ರ ಕನಿಷ್ಠ ತೆರಿಗೆ ಲೆಕ್ಕಪುಸ್ತಕದ ಲಾಭದ ಮೇಲೆ ಬೀಳುತ್ತದೆ. 174ಎ ಅಡಿ ಕಡಿತ ಏರಿ ಸಾಮಾನ್ಯ ತೆರಿಗೆ ಇಳಿಯಿತೆಂದರೆ ಈ ಕನಿಷ್ಠ ತೆರಿಗೆ ಮೇಲೆದ್ದು ನಿಲ್ಲುತ್ತದೆ. ಮೆಟಾ 2025ರ ಮೂರನೇ ತ್ರೈಮಾಸಿಕದಲ್ಲಿ 15.93 ಬಿಲಿಯನ್ ಡಾಲರ್ ನಗದುರಹಿತ ತೆರಿಗೆ ಹೊರೆ ತೋರಿಸಿದ್ದು ಈ ಕಾರಣಕ್ಕೆ: ಕೂಡಿಟ್ಟ ಮುಂದೂಡಿದ ಕಡಿತಗಳು ಉಪಯೋಗಕ್ಕೆ ಬರುವ ನಂಬಿಕೆ ಹೋಯಿತು. ಈ ಕೆಲಸಕ್ಕೆ ಬಾಗಿಲು ಖಜಾನೆ ಇಲಾಖೆ. 2025ರ ಅಕ್ಟೋಬರ್ ನಂತರದ ವರದಿಗಳಲ್ಲಿ ಮೂಲಪ್ರತಿಯವರು ಹೇಳಿದ 17ನೇ ಸಾಲನ್ನೇ ಮೊದಲು ತೆಗೆದು ನೋಡಿ.