ಷೇರು ಅಡವಿಟ್ಟು ಸಾಲ: ನಿವೃತ್ತ ಬ್ಯಾಂಕ್ ಅಧಿಕಾರಿಗೆ ನಮ್ಮ ಗುಂಪಿನ ಸದಸ್ಯರ ಪ್ರಶ್ನೆ

ಮಣಿಪಾಲದ ಸದಸ್ಯೆ: ಸಾರ್, ಅಪ್ಪನಿಗೆ 68. ಉಡುಪಿಯಲ್ಲಿ ಹೋಟೆಲ್. ಒಂದೇ ಕಂಪನಿಯ 1 ಕೋಟಿಯ ಷೇರುಗಳಿವೆ. ಅದರ ಅರ್ಧ, ಅಂದರೆ 50 ಲಕ್ಷ ಸಾಲ ಕೊಡಲು ಪ್ರೈವೇಟ್ ಬ್ಯಾಂಕಿಂಗ್‌ನವರು (ಹಣವಂತರಿಗಾಗಿ ಇರುವ ಬ್ಯಾಂಕಿನ ವಿಭಾಗ) ಮನೆಗೇ ಬಂದಿದ್ದರು. ಹಣ ಚಿಕ್ಕಪ್ಪ ಫ್ಲ್ಯಾಟ್ ಕಟ್ಟಿ ಮಾರುವ ಕೆಲಸಕ್ಕೆ. ಅಪ್ಪ ಸಹಿ ಹಾಕಬಹುದಾ?

ಅಧಿಕಾರಿ: ಅವಸರ ಬೇಡಮ್ಮ. ನಾನು ಆ ಮೇಜಿನ ಹಿಂದೆ ಕೂತಿದ್ದರೆ ಮೊದಲು ಕೇಳುವುದು ಆಸ್ತಿ ಎಷ್ಟು ಎಂದಲ್ಲ. ಕಂತು ಎಲ್ಲಿಂದ ಬರುತ್ತದೆ? ಫ್ಲ್ಯಾಟ್ ಮಾರಾಟವಾದ ಮೇಲೆ ಎಂದರೆ, ಅದು ಚಿಕ್ಕಪ್ಪನ ಲೆಕ್ಕ, ಅಪ್ಪನದ್ದಲ್ಲ. ಹೋಟೆಲಿನ ಆದಾಯದಲ್ಲಿ ಕಂತು ಕಟ್ಟಲು ಆಗುತ್ತದಾ ನೋಡಿ.
ಇನ್ನು ಅಡಮಾನ. ಷೇರು 30% ಬಿದ್ದರೆ ಉಳಿಯುವುದು 70 ಲಕ್ಷ. ಅರ್ಧದ ಲೆಕ್ಕದಲ್ಲಿ ಸಾಲ 35 ಲಕ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಕೆಲವೇ ದಿನಗಳಲ್ಲಿ 15 ಲಕ್ಷ ತುಂಬಬೇಕು. ಆಗದಿದ್ದರೆ ಬ್ಯಾಂಕಿನವರು ಷೇರು ಮಾರುತ್ತಾರೆ, ಅದೂ ಬೆಲೆ ಬಿದ್ದ ಹೊತ್ತಿಗೆ. ಒಂದೇ ಕಂಪನಿಯ ಷೇರು ಅನ್ನುವುದೇ ನನಗೆ ಭಯ.
ಅಪ್ಪ ಬೇರೆಯವರಿಗೆ ಜಾಮೀನು ಹಾಕಿದ್ದಾರಾ?

ಸುರತ್ಕಲ್ ಸದಸ್ಯ: ಸಿಬಿಲ್ ಸ್ಕೋರ್ (ಹಿಂದಿನ ಸಾಲ ಹೇಗೆ ಕಟ್ಟಿದ್ದೇವೆ ಎನ್ನುವುದರ ಅಂಕ) ಎಷ್ಟಿದ್ದರೆ ಸಾಲ ಸಿಗುತ್ತದೆ?

ಅಧಿಕಾರಿ: ಇದಕ್ಕೆ ಗುಂಪಿನಲ್ಲಿ ಈ ಮೊದಲೇ ಎರಡು ಸಲ ಉತ್ತರ ಬರೆದಿದ್ದೇನೆ. ಓದಿ.

ಬಂಟ್ವಾಳದ ಸದಸ್ಯ: ಫಾರ್ವರ್ಡ್ ಬಂದಿದೆ: ನಮ್ಮ ಸ್ಕೋರ್ ನಾವೇ ನೋಡಿದರೆ ಇಳಿಯುತ್ತದಂತೆ. 2,000 ಕಟ್ಟಿದರೆ ಹಳೆಯ ಬಾಕಿ ಅಳಿಸಿ ಕೊಡುತ್ತಾರಂತೆ.

ಅಧಿಕಾರಿ: ಎರಡೂ ಸುಳ್ಳು. ನಾವೇ ನೋಡಿದರೆ ಇಳಿಯುವುದಿಲ್ಲ. ವರ್ಷಕ್ಕೊಮ್ಮೆ ವರದಿ ಉಚಿತ. ನಿಜವಾದ ಬಾಕಿಯನ್ನು ಯಾರೂ ಅಳಿಸಿಕೊಡಲಾರರು. ಇಂಥದ್ದನ್ನು ಇಲ್ಲಿ ಹಾಕಬೇಡಿ, ಜನ ಹಣ ಕಳೆದುಕೊಳ್ಳುತ್ತಾರೆ.

ಕದ್ರಿಯ ಸದಸ್ಯ: ನಮ್ಮೂರಿನ ಬ್ಯಾಂಕುಗಳಿದ್ದಾಗ ಮ್ಯಾನೇಜರ್ ಮುಖ ನೋಡಿ ಸಾಲ ಕೊಡುತ್ತಿದ್ದರು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಈಗ ಎಲ್ಲ ಕಂಪ್ಯೂಟರ್.

ಮಲ್ಪೆಯ ಸದಸ್ಯ: ಎಂತ ಮುಖ ಮಾರಾಯ್ರೇ? ಪರಿಚಯ ಇದ್ದವರಿಗೆ ಮಾತ್ರ ಮುಖ ಇತ್ತು. ಬೋಟಿಗೆ ಸಾಲ ಕೇಳಿದ ನನ್ನ ಅಪ್ಪನಿಗೆ ಇರಲಿಲ್ಲ.

ಕದ್ರಿಯ ಸದಸ್ಯ: ನಿಮ್ಮ ಅಪ್ಪನ ವಿಷಯ ನನಗೆ ಹೇಗೆ ಗೊತ್ತು? ಸುಮ್ನೆ ಬಾಯಿ ಮಾಡಬೇಡಿ.

ಮಲ್ಪೆಯ ಸದಸ್ಯ: ಗೊತ್ತಿಲ್ಲದಿದ್ದರೆ ಹಳೇ ಕಾಲ ಹೊಗಳಬೇಡಿ.

ಕಾಪುವಿನ ಸದಸ್ಯೆ: ಗಂಡ ದುಬೈಯಲ್ಲಿದ್ದಾರೆ. ಅವರ ಎಫ್‌ಡಿ ಮೇಲೆ ನಾನು ಸಾಲ ತೆಗೆಯಬಹುದಾ?

ಸುರತ್ಕಲ್ ಸದಸ್ಯ: ಸಿಬಿಲ್ 700 ಸಾಕಾ? ಉತ್ತರ ಕೊಡಿ ಸಾರ್.

ಅಧಿಕಾರಿ: ಸಾಕು ಮಾಡಿ ನೀವು. ಜಗಳ ಮಾಡುವವರೂ ಹೊರಗೆ ಮಾಡಿಕೊಳ್ಳಿ. ಮಣಿಪಾಲದವರು ಇದ್ದೀರಾ?

ಮಣಿಪಾಲದ ಸದಸ್ಯೆ: ಕೇಳಿದೆ ಸಾರ್. ಮೂರು ಜಾಮೀನು. ಒಂದರ ಮೊತ್ತ ಅಪ್ಪನಿಗೆ ನೆನಪಿಲ್ಲ.

ಅಧಿಕಾರಿ: 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಸಾಲಗಾರ ಎಷ್ಟಕ್ಕೆ ಹೊಣೆಯೋ ಜಾಮೀನುದಾರನೂ ಅಷ್ಟಕ್ಕೇ ಹೊಣೆ. ಆ ಕಾಗದ ಹುಡುಕಿ. ಸಿಗುವವರೆಗೆ ಅಪ್ಪ ಸಹಿ ಹಾಕುವುದು ಬೇಡ.