‘ಪ್ಲೀಸ್’ಗೆ ಅರಬ್ಬಿಯಲ್ಲಿ ಏನನ್ನಬೇಕು? ಅನುವಾದಕಿಯನ್ನೇ ಕೇಳೋಣ

ಪ್ರಶ್ನೆ (ಶಾರ್ಜಾ, ರೆಸ್ಟೋರೆಂಟ್ ಕೆಲಸ): ನಮಸ್ಕಾರ ಮೇಡಂ. ನಾನು ಕುಂದಾಪುರ ಕಡೆಯವನು. ಇಲ್ಲಿಗೆ ಬರುವ ಮೊದಲು ‘ಪ್ಲೀಸ್’ ಅಂದರೆ ‘ಮಿನ್ ಫದ್ಲಕ್’ ಅಂತ ಕಲಿತಿದ್ದೆ. ಇಲ್ಲಿ ಜೊತೆಗಿರುವ ಈಜಿಪ್ಟಿನ ಹುಡುಗರು ಒಮ್ಮೆ ‘ಲೌ ಸಮಹ್ತ್’ ಅಂತಾರೆ, ಒಮ್ಮೆ ‘ತಫದ್ದಲ್’ ಅಂತಾರೆ. ಕೇಳಿದರೆ ಮೂರೂ ಪ್ಲೀಸೇ ಅಂತೆ. ಯಾವುದು ಸರಿ?

ಉತ್ತರ: ಮೂರೂ ಸರಿ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮೊದಲು ನೋಡಬೇಕಾದ್ದು ಇಷ್ಟು: ನೀವು ಕೇಳುತ್ತಿದ್ದೀರೋ, ಕೊಡುತ್ತಿದ್ದೀರೋ?

ಕೊಡುವಾಗ, ಕರೆಯುವಾಗ, ದಾರಿ ಬಿಡುವಾಗ ‘ತಫದ್ದಲ್’. ಟೀ ಮುಂದಿಟ್ಟು ಹೇಳುವುದು ಇದನ್ನೇ. ಕುರ್ಚಿ ತೋರಿಸಿ, ಬಾಗಿಲು ತೆರೆದು, ಲಿಫ್ಟಿನಲ್ಲಿ ‘ನೀವು ಮೊದಲು ಹೋಗಿ’ ಅನ್ನುವಾಗಲೂ ಇದೇ. ನಾವು ಮನೆಗೆ ಬಂದವರಿಗೆ ‘ದಯವಿಟ್ಟು ಒಳಗೆ ಬನ್ನಿ’ ಅನ್ನುವುದಿಲ್ಲ, ಅಲ್ವಾ? ‘ಬನ್ನಿ ಬನ್ನಿ, ಕೂತ್ಕೊಳ್ಳಿ’ ಅಂತೇವೆ. ಆ ಜಾಗಕ್ಕೆ ತಫದ್ದಲ್.

ಏನಾದರೂ ಕೇಳಬೇಕಾದಾಗ ‘ಮಿನ್ ಫದ್ಲಕ್’ ಅಥವಾ ‘ಲೌ ಸಮಹ್ತ್’. ಮೊದಲನೆಯದು ‘ನಿಮ್ಮ ದಯೆಯಿಂದ’, ಎರಡನೆಯದು ‘ನೀವು ಅವಕಾಶ ಕೊಟ್ಟರೆ’. ಎರಡನೆಯದಕ್ಕೆ ಇನ್ನೊಂದು ಕೆಲಸವೂ ಇದೆ: ಯಾರನ್ನಾದರೂ ಕರೆಯುವುದು. ಗಿರಾಕಿ ಕೈ ಎತ್ತಿ ‘ಲೌ ಸಮಹ್ತ್’ ಅಂದರೆ ‘ಸ್ವಲ್ಪ ಇಲ್ಲಿ ಬರ್ತೀರಾ’ ಅಂತಲೇ ಅರ್ಥ. ಅಲ್ಲಿ ‘ತಫದ್ದಲ್’ ಅಂತ ಉತ್ತರ ಕೊಟ್ಟರೆ ‘ಹೇಳಿ’ ಅಂದಂತೆ.

ಇನ್ನೊಂದು ವಿಷಯ. ಇದೆಲ್ಲ ಗಂಡಸಿಗೆ ಹೇಳುವ ರೂಪ. ಹೆಂಗಸಾದರೆ ಫದ್ಲಿಕ್, ಸಮಹ್ತಿ, ತಫದ್ದಲಿ. ನಾಲ್ಕು ಜನರ ಕುಟುಂಬ ಬಂದು ನಿಂತರೆ ತಫದ್ದಲು. ಹೋಟೆಲ್ ಬಾಗಿಲಲ್ಲಿ ನಿಲ್ಲುವವರಿಗೆ ಈ ಕೊನೆಯದೇ ಜಾಸ್ತಿ ಬೇಕಾಗುತ್ತದೆ.

ಪ್ರಶ್ನೆ (ಕುವೈತ್, ನರ್ಸ್): ಅಕ್ಕ, ನನ್ನ ವಾರ್ಡಿನಲ್ಲಿ ವಯಸ್ಸಾದ ಹೆಂಗಸರೇ ಜಾಸ್ತಿ. ‘ಕೈ ಎತ್ತಿ’, ‘ಈ ಕಡೆ ತಿರುಗಿ’ ಅಂತ ದಿನವಿಡೀ ಹೇಳಬೇಕು. ಪ್ರತಿ ಸಲ ‘ಮಿನ್ ಫದ್ಲಿಕ್’ ಅಂದರೆ ಪುಸ್ತಕ ಓದಿದ ಹಾಗೆ ಇರುತ್ತದೆ. ಇಲ್ಲಿಯವರು ಏನು ಹೇಳುತ್ತಾರೆ?

ಉತ್ತರ: ನಿಮ್ಮ ಕಿವಿ ಚುರುಕಾಗಿದೆ. ಕೊಲ್ಲಿಯ ಕಡೆ ಇದಕ್ಕೆ ಒಂದು ಚೆಂದದ ಮಾತಿದೆ: ‘ಮಾ ಅಲೈಕ್ ಅಮ್ರ್’. ‘ನಿಮ್ಮ ಮೇಲೆ ಆಜ್ಞೆಯೇನಿಲ್ಲ’ ಅಂತ. ಅಂದರೆ ಕೆಲಸ ಹೇಳುತ್ತಿದ್ದೇನೆ, ಅಪ್ಪಣೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಕುವೈತಿನಲ್ಲಿ ಹೆಂಗಸಿಗೆ ಹೇಳುವಾಗ ಕೊನೆಯ ‘ಕ್’ ಹೋಗಿ ‘ಚ್’ ಬರುತ್ತದೆ: ‘ಮಾ ಅಲೈಚ್ ಅಮ್ರ್’. ಫದ್ಲಿಕ್ ಕೂಡ ಅಲ್ಲಿ ಫದ್ಲಿಚ್ ಆಗುತ್ತದೆ. ಮುಂದೆ ‘ಖಾಲಾ’, ಅಂದರೆ ಚಿಕ್ಕಮ್ಮ, ಸೇರಿಸಿದರೆ ಅರ್ಧ ಪ್ಲೀಸ್ ಅಲ್ಲೇ ಆಯಿತು. ನಮ್ಮಲ್ಲೂ ‘ಅಜ್ಜಿ, ಸ್ವಲ್ಪ ಕೈ ಎತ್ತಿ’ ಅಂದರೆ ಸಾಕಲ್ಲ. ಆ ‘ಸ್ವಲ್ಪ’ವೇ ನಮ್ಮ ಪ್ಲೀಸ್.

ಒಂದು ಪದ ಮಾತ್ರ ಸುಮ್ನೆ ಬಳಸಬೇಡಿ. ‘ತಿಕ್ಫಾ’, ಹೆಂಗಸಿಗಾದರೆ ‘ತಿಕ್ಫೀನ್’. ಇದನ್ನೂ ಕೆಲವರು ಪ್ಲೀಸ್ ಅಂತಲೇ ಹೇಳಿಕೊಡುತ್ತಾರೆ. ಇದು ಕೈಮುಗಿದು ಬೇಡುವ ಮಾತು. ಸಾಲ ಬೇಕು, ಪ್ರಾಣಕ್ಕೆ ಬಂದಿದೆ, ನೀನೇ ಗತಿ ಅನ್ನುವಂಥದ್ದು. ಥರ್ಮಾಮೀಟರ್ ಇಡೋಕೆ ಅಷ್ಟು ಬೇಡ.

ಪ್ರಶ್ನೆ (ದಮ್ಮಾಮ್, ಆಫೀಸ್ ಅಸಿಸ್ಟೆಂಟ್): ಮೇಡಂ, ನಮ್ಮ ಮ್ಯಾನೇಜರ್‌ದು ಒಂದೇ ಮಂತ್ರ, ‘ಪ್ಲೀಸ್ ಡು ದ ನೀಡ್‌ಫುಲ್’. ಇದನ್ನು ಅರಬ್ಬಿ ಪತ್ರದಲ್ಲಿ ಹೇಗೆ ಬರೆಯಲಿ? ನಗುತ್ತಾರಾ?

ಉತ್ತರ: ಇಂಗ್ಲೆಂಡಿನವರು ನಗಬಹುದು, ಅರಬರು ನಗುವುದಿಲ್ಲ. ಇದಕ್ಕೆ ಅವರ ಆಫೀಸುಗಳಲ್ಲಿ ಅಳತೆ ತೆಗೆದ ಹಾಗೆ ಕೂರುವ ಸಾಲು ಇದೆ: ‘ಯುರ್ಜಾ ಇತ್ತಿಖಾದ್ ಅಲ್‌ಲಾಝಿಮ್’. ‘ಅಗತ್ಯ ಕ್ರಮ ಕೈಗೊಳ್ಳಲು ಕೋರಲಾಗಿದೆ’. ನಮ್ಮ ತಾಲ್ಲೂಕು ಕಚೇರಿಯ ಕಾಗದದಿಂದ ಎತ್ತಿದ ಹಾಗಿದೆ! ಈ ವಿಷಯದಲ್ಲಿ ಅರಬ್ಬಿಗೂ ಕನ್ನಡಕ್ಕೂ ಇರುವಷ್ಟು ಸಲಿಗೆ ಇಂಗ್ಲಿಷಿಗೆ ಇಬ್ಬರ ಜೊತೆಯೂ ಇಲ್ಲ.

ಪತ್ರ ದೊಡ್ಡ ಅಧಿಕಾರಿಗೆ ಹೋಗುವುದಾದರೆ ‘ನರ್ಜೂ ಮಿನ್ ಸಆದತಿಕುಮ್ ಅತ್ತಕರ್ರುಮ್ ಬಿ...’ ಅಂತ ಶುರು ಮಾಡಿ. ‘ತಾವು ಔದಾರ್ಯದಿಂದ ಹೀಗೆ ಮಾಡಬೇಕೆಂದು ಕೋರುತ್ತೇವೆ’ ಅಂತ. ಒಬ್ಬರಿಗೇ ಬರೆದರೂ ‘ಕುಮ್’, ಬಹುವಚನ. ನಮ್ಮ ‘ತಾವು’ ಇದ್ದ ಹಾಗೆ. ಪಕ್ಕದ ಟೇಬಲಿನವರಿಗೆ ವಾಟ್ಸಾಪ್ ಮಾಡುವಾಗ ಇಷ್ಟೆಲ್ಲ ಬರೆದರೆ ಜಗಳ ಆಗಿದೆಯೇನೋ ಅಂದುಕೊಳ್ಳುತ್ತಾರೆ. ಅಲ್ಲಿ ‘ಲೌ ಸಮಹ್ತ್’ ಸಾಕು.

ಪ್ರಶ್ನೆ (ಬೆಂಗಳೂರು, ಲಾಡ್ಜ್ ನಡೆಸುವವರು): ನಮ್ಮ ಲಾಡ್ಜ್ ದೊಡ್ಡ ಆಸ್ಪತ್ರೆ ಹತ್ತಿರ ಇದೆ. ಒಮಾನ್, ಯೆಮನ್ ಕಡೆಯಿಂದ ರೋಗಿಗಳ ಮನೆಯವರು ಬಂದು ಉಳಿಯುತ್ತಾರೆ. ‘ದಯವಿಟ್ಟು ಚಪ್ಪಲಿ ಹೊರಗೆ ಬಿಡಿ’, ‘ದಯವಿಟ್ಟು ಸಿಗರೇಟ್ ಸೇದಬೇಡಿ’ ಅಂತ ಅರಬ್ಬಿ ಬೋರ್ಡ್ ಹಾಕಬೇಕು. ಎರಡಕ್ಕೂ ‘ಮಿನ್ ಫದ್ಲಕ್’ ಹಾಕಿಸಲಾ?

ಉತ್ತರ: ಬೇಡ ಸರ್. ಬೋರ್ಡ್ ಓದುವವರು ಗಂಡಸೋ ಹೆಂಗಸೋ ಗೊತ್ತಿಲ್ಲ. ‘ಫದ್ಲಕ್’ ಅಂದ ಕೂಡಲೇ ಒಬ್ಬ ಗಂಡಸಿಗೆ ಹೇಳಿದಂತೆ ಆಯಿತು. ಅದಕ್ಕೇ ಬೋರ್ಡಿನಲ್ಲಿ ‘ಯುರ್ಜಾ’ ಅಥವಾ ‘ಅರ್ರಜಾ’ ಬರೆದು, ಆಮೇಲೆ ಕೆಲಸದ ಹೆಸರು ಇಡುತ್ತಾರೆ. ‘ಯುರ್ಜಾ ಖಲ್ಅ ಅಲ್ಅಹ್‌ದಿಯಾ’, ಪಾದರಕ್ಷೆ ಕಳಚಲು ಕೋರಿಕೆ. ‘ಯುರ್ಜಾ ಅದಮ್ ಅತ್ತದ್ಖೀನ್’, ಧೂಮಪಾನ ಬೇಡವೆಂದು ಕೋರಿಕೆ. ಹೀಗೆ ಬರೆದರೆ ಯಾರು ಓದಿದರೂ ಸರಿ. ಮೊಬೈಲ್ ಆ್ಯಪ್‌ಗಳಲ್ಲಿ ‘ದಯವಿಟ್ಟು ಕಾಯಿರಿ’ಗೆ ‘ಯುರ್ಜಾ ಅಲ್ಇಂತಿಝಾರ್’ ಅಂತ ಬರುವುದೂ ಇದೇ ಕಾರಣಕ್ಕೆ.

ಬೋರ್ಡ್ ಮಾಡುವವರ ಬಗ್ಗೆ ಎಚ್ಚರ ಇರಲಿ. ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತದೆ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಆ ಲಿಪಿಗೆ ಸೆಟ್ ಮಾಡದ ಡಿಸೈನ್ ಸಾಫ್ಟ್‌ವೇರಿನಲ್ಲಿ ಪೇಸ್ಟ್ ಮಾಡಿದರೆ ಅಕ್ಷರಗಳು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಬೀಳುತ್ತವೆ. ಬೆಂಗಳೂರಲ್ಲಿ ಅಂಥ ಬೋರ್ಡ್ ಬೇಕಾದಷ್ಟು ನೋಡಿದ್ದೇನೆ. ಅನುವಾದ ಸರಿ ಇದ್ದರೂ ಓದೋಕೆ ಆಗುವುದಿಲ್ಲ. ಪ್ರಿಂಟ್‌ಗೆ ಕೊಡುವ ಮೊದಲು ಅರಬ್ಬಿ ಬಲ್ಲ ಅತಿಥಿಯೊಬ್ಬರಿಗೆ ತೋರಿಸಿ.

ಪ್ರಶ್ನೆ (ಮೈಸೂರು): ಮೊರಾಕ್ಕೊಗೆ ಟೂರ್ ಹೋಗುತ್ತಿದ್ದೇವೆ. ಇದೇ ಮಾತು ಅಲ್ಲೂ ನಡೆಯುತ್ತಾ?

ಉತ್ತರ: ಅರ್ಥ ಆಗುತ್ತದೆ. ಆದರೆ ಅಲ್ಲಿ ಬೀದಿಯ ಮಾತು ‘ಆಫಾಕ್’. ಇದನ್ನು ‘ಅಫ್ವನ್’ ಜೊತೆ ಬೆರೆಸಬೇಡಿ. ಅದು ಯಾರಾದರೂ ಥ್ಯಾಂಕ್ಸ್ ಅಂದಾಗ ‘ಪರವಾಗಿಲ್ಲ’ ಅನ್ನೋಕೆ.

ಪ್ರಶ್ನೆ (ಮತ್ತೆ ಶಾರ್ಜಾದಿಂದ): ಇನ್ನೊಂದೇ ಒಂದು ಮೇಡಂ. ‘ಇನ್ನೂ ಸ್ವಲ್ಪ ಹಾಕಲಾ’ ಅಂತ ಕೇಳಿದರೆ ಗಿರಾಕಿ ‘ಶುಕ್ರನ್’ ಅಂತಾರೆ. ಹಾಕಬೇಕಾ, ಬೇಡ್ವಾ?

ಉತ್ತರ: ಬರೀ ‘ಶುಕ್ರನ್’ ಅಂದರೆ ಹೆಚ್ಚಾಗಿ ‘ಸಾಕು’ ಅಂತ. ಎದೆ ಮೇಲೆ ಕೈ ಇಟ್ಟು ಹೇಳಿದರಂತೂ ಖಂಡಿತ ಸಾಕು. ಬೇಕಿದ್ದವರು ‘ಯಾ ರೇತ್’ ಅನ್ನಬಹುದು, ಈಜಿಪ್ಟ್, ಲೆಬನಾನ್ ಕಡೆಯವರ ಬಾಯಲ್ಲಿ ಇದು ‘ಬಂದರೆ ಚೆನ್ನಾಗಿತ್ತು’ ಅಂದಂತೆ. ಇನ್ನು ಅರಬ್ಬಿ ಕಾಫಿ ಬಡಿಸುವಾಗ ಬಾಯಿಯ ಮಾತನ್ನು ಕಾಯಬೇಡಿ, ಕೈ ನೋಡಿ. ಖಾಲಿ ಬಟ್ಟಲನ್ನು ಹಾಗೇ ಚಾಚಿದರೆ ಇನ್ನಷ್ಟು ಹಾಕಿ. ಅತ್ತಿತ್ತ ಅಲ್ಲಾಡಿಸಿ ಕೊಟ್ಟರೆ ತೆಗೆದುಕೊಂಡು ಹೋಗಿ.