ಟಯರಿಗೆ ತುಂಬಿಸುವ ನೀರಿಗೆ ಪದ ಬೇಕು (ಅರ್ಜೆಂಟ್)

ನಮಸ್ಕಾರ. ಟ್ರ್ಯಾಕ್ಟರ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ 5ಕ್ಕೆ ಉಡುಪಿಯ ಪ್ರೆಸ್ಸಿಗೆ ಕೊಡಬೇಕು. ‘ಲಿಕ್ವಿಡ್ ಬ್ಯಾಲಸ್ಟ್’ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಜಾಕ್ ಕೊಟ್ಟು, ವಾಲ್ವ್ ಮೇಲೆ ಬರುವಂತೆ ಚಕ್ರ ತಿರುಗಿಸಿ, ತೂಕ ಬರಲೆಂದು ಹಿಂದಿನ ಟಯರಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಾರಲ್ಲ, ಅದು. ‘ದ್ರವಭಾರ’ ಅಂತ ಬರೆದೆ. ಉಳುವವನಿಗೆ ತಿಳಿದೀತಾ?
— ಬ್ರಹ್ಮಾವರದಿಂದ

ದ್ರವವೂ ಸಂಸ್ಕೃತ, ಬಾರವೂ ಸಂಸ್ಕೃತ. ತೂಗು–ತೂಕ ನಮ್ಮದೇ. ನೀರ್ + ತೂಕ, ಆದೇಶವಾಗಿ ‘ನೀರ್ದೂಕ’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.
— ಕಾರ್ಕಳದಿಂದ

ಮಹಾಪ್ರಾಣ ಬಿಟ್ಟು ‘ಬಾರ’ ಎಂದರೆ ಬರಲಾರ ಎಂದಾಗುತ್ತದೆ ಮಾರಾಯ್ರೇ. ನೀರ್ದೂಕ ಅಂತೂ ನೀರ್ದೋಸೆಯ ತಮ್ಮನ ಹಾಗೆ ಉಂಟು. ಬ್ಯಾಲಸ್ಟ್ ಮೊದಲು ಹಡಗಿನ ಮಾತು. ಖಾಲಿ ಹಡಗು ಮಗುಚದಿರಲೆಂದು ತಳಕ್ಕೆ ಹಾಕುತ್ತಿದ್ದ ಕಲ್ಲು, ಮರಳು. ರೈಲು ಹಳಿಯಡಿ ಅದೇ ಬ್ಯಾಲಸ್ಟ್ ನಮಗೆ ಜಲ್ಲಿ. ಟ್ಯೂಬ್‌ಲೈಟಿನಲ್ಲಿ ಚೋಕ್. ಎಲ್ಲದಕ್ಕೂ ಒಂದೇ ಪದ ಬೇಕೆಂಬ ಹಟ ಎಂತಕ್ಕೆ?
— ಮಂಗಳೂರು ಬಂದರಿನಿಂದ

ಚೋಕ್ ಯಾವಾಗ ಕನ್ನಡವಾಯಿತು?
— ಕಾರ್ಕಳದಿಂದ

ಟಯರು, ವಾಲ್ವು, ಜಾಕು ಎಲ್ಲ ಒಳಗೆ ಬಂದಾಗಿದೆ. ನೀರಿಗೆ ಮಾತ್ರ ಮಡಿ ಉಡಿಸುವುದಾ?
— ಬಂದರಿನಿಂದ

ನಾನು ಟ್ರ್ಯಾಕ್ಟರ್ ಇಟ್ಟವನು. ನಾವು ‘ನೀರು ಹಾಕಿಸಿದ್ದೇನೆ’ ಅನ್ನುತ್ತೇವೆ, ಅಷ್ಟೇ. ‘ಭಾರ’ ಬೇಡ. ಟ್ರೈಲರಿನ ಲೋಡ್ ಅಂತ ತಿಳಿಯುತ್ತಾರೆ. 100 ಲೀಟರ್ ಹಾಕಿದರೆ 100 ಕಿಲೋ ತೂಕ ಬಂತು. ಕಬ್ಬಿಣದ ವೇಯ್ಟಿಗಿಂತ ಅಗ್ಗ. ಒಣ ನೆಲ ಉಳುವಾಗ ಚಕ್ರ ಸುಮ್ನೆ ತಿರುಗುವುದಿಲ್ಲ, ಹಿಡಿತ ಸಿಗುತ್ತದೆ. ಆದರೆ ನೆಲ ಜಾಸ್ತಿ ಗಟ್ಟಿಯಾಗುತ್ತದೆ. ರಸ್ತೆಯಲ್ಲಿ ಕುಲುಕಾಟ, ಡೀಸೆಲ್ ಖರ್ಚು. ಕೆಸರುಗದ್ದೆಗೆ ಇಳಿಸಿದರೆ ಹೂತೇ ಹೋಗುತ್ತದೆ, ಅಲ್ಲಿಗೆ ಪಂಜರದ ಹಾಗಿನ ಕಬ್ಬಿಣದ ಚಕ್ರ, ಕೇಜ್‌ವೀಲೇ ಸರಿ. ಪಂಚರ್ ಆದ ದಿನವಂತೂ ಅಂಗಡಿ ಎದುರು ಕೆರೆ. ನನ್ನ ಟಯರ್ ಬಿಚ್ಚಲು ಮೂರು ಜನ ಬೇಕಾಯಿತು. ರಿಮ್ಮಿನ ಒಳಗೆ ನೋಡಿದರೆ ಕೆಂಪು ತುಕ್ಕು. ನಿಮ್ಮ ಪುಸ್ತಕದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಅಂತ ಇದ್ದರೆ, ಅದು ನೀರು ಹೆಪ್ಪುಗಟ್ಟುವ ಊರಿನವರಿಗೆ ಎಂದು ಬರೆಯಿರಿ. ಸೋರಿದರೆ ರಿಮ್ಮನ್ನೇ ತಿನ್ನುತ್ತದೆ. ಪದಕ್ಕಿಂತ ಅದು ಮುಖ್ಯ ಅಲ್ವಾ?
— ಹೆಬ್ರಿಯಿಂದ

ಉಪಕಾರವಾಯಿತು. ಕ್ಲೋರೈಡಿನ ಮಾತು ಸೇರಿಸಿದೆ. ತಲೆಬರಹಕ್ಕೆ ‘ತೂಕದ ನೀರು’ ಎಂದು ಹಾಕಿ ಕಳಿಸಿದೆ. ಪ್ರೆಸ್ಸಿನವರು ಫೋನ್ ಮಾಡಿದ್ದರು. ಇದು ಟ್ರ್ಯಾಕ್ಟರಿನದ್ದಾ, ಹೊಟ್ಟೆ ಕರಗಿಸುವುದಾ ಅಂತ ಕೇಳಿದರು.
— ಬ್ರಹ್ಮಾವರದಿಂದ

ನೀರ್ದೂಕ ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.
— ಕಾರ್ಕಳದಿಂದ